ಗಾಳಿಯಂತ್ರಗಳು ನಿಂತ ಮೇಲೆ

ಕಲ್ಲಿದ್ದಲು ಸುಡದೆ ವಿದ್ಯುತ್ ಕೊಡುವ ಯೋಜನೆಗೂ ಊರವರ ಮಾತು ಕೇಳುತ್ತ ಕೂರಬೇಕೇ ಎಂದು ಕೇಳುವವರು ಐರ್ಲೆಂಡಿನ ಗಾಲ್ವೇ ಕೌಂಟಿಯ ಡೆರ್ರಿಬ್ರಿಯನ್ನಿನ ಕಥೆಯನ್ನು ತಿಳಿಯಬೇಕು. ಅಲ್ಲಿನ ಗುಡ್ಡದ ಮೇಲೆ 70 ಗಾಳಿಯಂತ್ರಗಳನ್ನು ನಿಲ್ಲಿಸುವ ಕೆಲಸ ನಡೆಯುತ್ತಿತ್ತು. 2003ರ ಅಕ್ಟೋಬರಿನಲ್ಲಿ ಗುಡ್ಡದ ನೆಲವೇ ಜಾರಿತು. ಅದು ಪೀಟ್ ನೆಲ, ಅಂದರೆ ಸಾವಿರಾರು ವರ್ಷ ಗಿಡಗಂಟಿ ಅರೆಕೊಳೆತು ನೀರು ಹೀರಿ ನಿಂತ ಕಪ್ಪು ಪದರ. ಕೆಸರು ಹೊಳೆಗೆ ಇಳಿದು ಸಾವಿರಾರು ಮೀನು ಸತ್ತವು. ಯೋಜನೆಯ ಪರಿಣಾಮಗಳನ್ನು ಮೊದಲೇ ಸರಿಯಾಗಿ ಅಳೆಯದೆ ಅನುಮತಿ ಕೊಟ್ಟದ್ದು ತಪ್ಪು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2008ರಲ್ಲಿ ಹೇಳಿತು. ಐರ್ಲೆಂಡ್ ಸರಿಪಡಿಸಲಿಲ್ಲ. 2019ರಲ್ಲಿ 50 ಲಕ್ಷ ಯೂರೊ ದಂಡ ಬಿತ್ತು, ಜೊತೆಗೆ ಸರಿಪಡಿಸುವ ತನಕ ದಿನಕ್ಕೆ 15,000 ಯೂರೊ. ಒಟ್ಟು ಮೊತ್ತ ಒಂದು ಕೋಟಿ ಯೂರೊ ದಾಟಿತು. 2022ರಲ್ಲಿ ಯೋಜನಾ ಮಂಡಳಿ ಪೂರ್ವಾನ್ವಯವಾಗಿ ಅನುಮತಿ ಕೊಡಲು ಒಪ್ಪಲಿಲ್ಲ, ಯಂತ್ರಗಳು ನಿಂತವು.

ಹಾಗೆ ಮೊದಲೇ ಅಳೆದು ಬರೆಯುವ ಪರಿಸರ ಪರಿಣಾಮದ ವರದಿ ಎಂಜಿನಿಯರುಗಳು ತಮ್ಮತಮ್ಮಲ್ಲೇ ಓದಿಕೊಳ್ಳುವ ಕಡತವಲ್ಲ, ಅದನ್ನು ಜನ ಓದಿ ಪ್ರಶ್ನಿಸಬೇಕು. ವರದಿಯೇ ಪೊಳ್ಳಾದರೆ ಪ್ರಶ್ನಿಸಲು ಏನು ಉಳಿಯುತ್ತದೆ? ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 1998ರಲ್ಲಿ ಆದ ಒಪ್ಪಂದ ಮೂರು ಹಕ್ಕುಗಳನ್ನು ಒಟ್ಟಿಗೆ ಕಟ್ಟಿದ್ದು ಇದಕ್ಕೇ: ಮಾಹಿತಿ, ತೀರ್ಮಾನದಲ್ಲಿ ಪಾಲು, ನ್ಯಾಯಾಲಯದ ಬಾಗಿಲು. ಐರ್ಲೆಂಡ್ ಅದನ್ನು ಅನುಮೋದಿಸಿದ್ದು 2012ರಲ್ಲಿ, ಒಕ್ಕೂಟದ ದೇಶಗಳಲ್ಲೆಲ್ಲ ಕೊನೆಗೆ. ಈಗ ಅಲ್ಲಿ ಯಾರೇ ಆಗಲಿ ಕಾರಣ ಹೇಳದೆ ಪರಿಸರದ ಮಾಹಿತಿ ಕೇಳಬಹುದು. ನಮ್ಮ ಮಾಹಿತಿ ಹಕ್ಕಿನಲ್ಲೂ ಕಾರಣ ಹೇಳಬೇಕಿಲ್ಲ. ಆದರೆ ಯೋಜನೆಯೊಂದರ ಬಗ್ಗೆ ಸ್ಥಳೀಯ ಆಡಳಿತಕ್ಕೆ ಅಭಿಪ್ರಾಯ ಸಲ್ಲಿಸಲು 20 ಯೂರೊ ಶುಲ್ಕ ಕಟ್ಟಬೇಕು. ಹಕ್ಕಿಗೆ ಟಿಕೆಟ್ ಇಟ್ಟಂತಿರುವ ಈ ಪದ್ಧತಿ ನನಗೆ ಒಗ್ಗುವುದಿಲ್ಲ.

ತಕರಾರು ತೆಗೆಯುವವರಿಂದ ದೇಶದ ಕೆಲಸ ಕೆಡುತ್ತದೆ ಎನ್ನುವವರು ಐರ್ಲೆಂಡಿನದೇ ಅಥೆನ್ರೈ ಊರನ್ನು ತೋರಿಸುತ್ತಾರೆ. ಅಲ್ಲಿ 85 ಕೋಟಿ ಯೂರೊದ ದತ್ತಾಂಶ ಕೇಂದ್ರ ಕಟ್ಟುವುದಾಗಿ ಆಪಲ್ 2015ರಲ್ಲಿ ಘೋಷಿಸಿ, 2018ರಲ್ಲಿ ಕೈಬಿಟ್ಟಿತು. ನಷ್ಟ ನಿಜ. ಸ್ವಾರ್ಥದ ತಕರಾರುಗಳೂ ಇರುತ್ತವೆ. ಆದರೆ ಅಥೆನ್ರೈನಲ್ಲಿ ಆಕ್ಷೇಪಕರು ಮಂಡಳಿಯಲ್ಲೂ ಸೋತರು, 2017ರಲ್ಲಿ ಹೈಕೋರ್ಟಿನಲ್ಲೂ ಸೋತರು. ಅವರ ಮಾತು ಕೇಳಲು ಅಷ್ಟು ವರ್ಷ ಹಿಡಿದದ್ದು ವ್ಯವಸ್ಥೆಯ ನಿಧಾನ. ಇಂಥ ವ್ಯಾಜ್ಯಗಳಿಗೆಂದೇ ಹೈಕೋರ್ಟಿನಲ್ಲಿ 2023ರ ಕೊನೆಗೆ ಪ್ರತ್ಯೇಕ ವಿಭಾಗ ತೆರೆದದ್ದು ಸರಿಯಾದ ಮದ್ದು. ಬೇಗ ಕೇಳುವುದು ಬೇರೆ, ಕೇಳದೇ ಇರುವುದು ಬೇರೆ. ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಕರೆಯಬೇಕೆಂದು ಆರ್ಹುಸ್ ಒಪ್ಪಂದ ಹೇಳುತ್ತದೆ. ಭಾರತ ಆ ಒಪ್ಪಂದದಲ್ಲಿಲ್ಲ. ಪರಿಸರ ಪರಿಣಾಮ ಅಳೆಯುವ ಬಗೆಗಿನ ನಮ್ಮ 2006ರ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆಯಿದೆ, ಆದರೆ ಅದು ಸೇರುವುದು ಕರಡು ವರದಿ ಸಿದ್ಧವಾದ ಮೇಲೆ. ಅಷ್ಟರಲ್ಲಿ ಜಾಗ ಗೊತ್ತಾಗಿರುತ್ತದೆ, ನಕ್ಷೆ ಬರೆದಾಗಿರುತ್ತದೆ. ಸಭೆ ನಡೆಸುವವರಿಗೆ ಊರವರ ಮಾತನ್ನು ಬರೆದು ಕಳಿಸುವ ಕೆಲಸ ಇದೆಯೇ ಹೊರತು ಯೋಜನೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರವಿಲ್ಲ.