ಸಾಕುಮನೆಯ ಹುಡುಗಿ ತಾಯಿಯಾದರೆ?

ಪ್ರಶ್ನೆ: ಸರ್ಕಾರ ಸಾಕುಕುಟುಂಬಕ್ಕೆ ಒಪ್ಪಿಸಿದ ಹುಡುಗಿ ಹದಿನೇಳಕ್ಕೇ ತಾಯಿಯಾದರೆ ಅವಳಿಗೇನು ನೆರವಿದೆ? (ಡೊಂಬಿವಲಿಯ ಓದುಗರು)

ಉತ್ತರ: ‘ಸಾಕುಮನೆಯ ಎಳೆಯ ತಾಯಂದಿರಿಗೆ’ ಎಂದು ಬೋರ್ಡು ಹಾಕಿಕೊಂಡ ಯೋಜನೆಯನ್ನು ಹುಡುಕಿಕೊಂಡು ಠಾಣೆ ಜಿಲ್ಲೆಯ ಕಚೇರಿಗಳನ್ನು ಸುತ್ತಬೇಡಿ. ನೆರವು ಹರಿದುಹಂಚಿ ಹೋಗಿದೆ, ಜೋಡಿಸಿಕೊಳ್ಳಬೇಕು.

ಹದಿನೆಂಟು ತುಂಬುವ ತನಕ ಅವಳೂ ಕಾನೂನಿನ ಕಣ್ಣಿಗೆ ಮಗುವೇ. ಹಾಗಾಗಿ ಮಕ್ಕಳ ಕಲ್ಯಾಣ ಸಮಿತಿಯೇ ಮೊದಲ ಬಾಗಿಲು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದರೂ ಆದೀತು. ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆಯಲ್ಲಿ ಸಾಕುವ ಮನೆಗೆ ತಿಂಗಳಿಗೆ 2,250 ರೂಪಾಯಿ. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ 4,000. ಕಲ್ಯಾಣ ಊರಿನ ಮನೆ ಬಾಡಿಗೆ, ಹಾಲಿನ ಪುಡಿಯ ಡಬ್ಬಿಯ ಬೆಲೆ ಬಲ್ಲವರಿಗೆ ಇದು ಎಷ್ಟು ದಿನ ಬರುತ್ತದೆಂದು ಹೇಳಬೇಕಿಲ್ಲ.

ಹದಿನೇಳರ ಬಸಿರೆಂದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣ, ‘ಅವಳೇ ಒಪ್ಪಿದ್ದಳು’ ಎಂಬ ಮಾತು ನಡೆಯದು. ಮನೆಯವರು ಕೈಬಿಟ್ಟ ಇಂಥ ಹುಡುಗಿಯರಿಗಾಗಿಯೇ 2023ರಲ್ಲಿ ಕೇಂದ್ರ ನಿರ್ಭಯಾ ನಿಧಿಯಿಂದ ಯೋಜನೆ ತಂದಿತು: ಆಶ್ರಯ, ಊಟ, ಚಿಕಿತ್ಸೆ, ಕೋರ್ಟಿಗೆ ಜೊತೆ. ಅಂಗನವಾಡಿಯಲ್ಲಿ ಬಾಣಂತಿಗೂ ಕೂಸಿಗೂ ಪೌಷ್ಟಿಕ ಆಹಾರ ಸಿಗುತ್ತದೆ.

ಹದಿನೆಂಟಾದ ಮೇಲೆ? ಬಾಲನ್ಯಾಯ ಕಾಯ್ದೆ, 2015ರ 46ನೇ ಕಲಮಿನ ಅನುಪಾಲನೆ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬಂದವರನ್ನು ಇಪ್ಪತ್ತೊಂದರವರೆಗೆ ಕೈಹಿಡಿಯುತ್ತದೆ; ಸಾಕುಮನೆಯವಳಿಗೂ ಸಿಕ್ಕೀತೇ ಎಂದು ಸಮಿತಿಯಲ್ಲೇ ಕೇಳಬೇಕು. ವಿಶೇಷ ಸಂದರ್ಭದಲ್ಲಿ ಈ ಅನುಪಾಲನೆ ಇಪ್ಪತ್ತಮೂರರವರೆಗೂ ಉಂಟು.

ಇನ್ನೊಂದು ಮಾತು, ಯಾರೂ ಅವಳಿಗೆ ಹೇಳದೆ ಇರುವುದು. ಕೂಸನ್ನು ಸಮಿತಿಗೆ ಒಪ್ಪಿಸಿ ಸಹಿ ಹಾಕಿದರೂ ಮನಸ್ಸು ಬದಲಿಸಲು ಎರಡು ತಿಂಗಳು ಅವಕಾಶವಿದೆ. ‘ಸಹಿ ಹಾಕಿಯಾಯ್ತಲ್ಲ ಬಿಡು’ ಎನ್ನುವವರ ಮಾತು ಅವಳು ಕೇಳಬೇಕಾಗಿಲ್ಲ.