ಹುರಿದುಂಬಿಸುವ ವಿದ್ಯೆ

ಪಂದ್ಯದ ಬಯಲಿನಲ್ಲಿ ಆಡುವವರು ಕೆಲವರು, ನೋಡುವವರು ಹಲವರು. ಆ ಹಲವರ ಚದುರಿದ ಕೂಗನ್ನು ಒಂದೇ ಕೊರಳಾಗಿಸಿ ಆಟಗಾರರಿಗೆ ತಲಪಿಸುವ ವಿದ್ಯೆಗೆ ‘ಚಿಯರ್‌ಲೀಡಿಂಗ್’ ಎಂದು ಹೆಸರು. ಇದನ್ನು ಬರಿಯ ಬೆಡಗಿನ ಕುಣಿತವೆಂದು ಬಗೆದವರೇ ನಮ್ಮಲ್ಲಿ ಹೆಚ್ಚು. ಇದರ ಮೂಲವನ್ನು ಅರಿತರೆ ಆ ಭಾವನೆ ನಿಲ್ಲಲಾರದು.

ಒಟ್ಟಾಗಿ ಘೋಷಿಸುವ ಪದ್ಧತಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಮೊದಲೇ ಇತ್ತು. 1898ರ ನವೆಂಬರಿನಲ್ಲಿ, ಮಿನ್ನೆಸೋಟ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡವು ಸೋಲಿನ ಮೇಲೆ ಸೋಲುಣ್ಣುತ್ತಿದ್ದಾಗ, ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಪ್ರೇಕ್ಷಕರಿಗೆ ಎದುರಾಗಿ ನಿಂತು ಘೋಷವನ್ನು ಹೇಳಿಕೊಟ್ಟನು. ಈ ವಿದ್ಯೆಯ ಚರಿತ್ರೆಯನ್ನು ಅಲ್ಲಿಂದ ಎಣಿಸುವುದು ವಾಡಿಕೆ. ಮೊದಮೊದಲು ಗಂಡಸರದೇ ಆಗಿದ್ದ ಇದರಲ್ಲಿ ಅಲ್ಲಿಯೇ 1923ರಲ್ಲಿ ಹೆಂಗಸರು ಕಾಲಿಟ್ಟರು. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಜಾಗತಿಕ ಸಂಸ್ಥೆಗೆ ಪೂರ್ಣ ಮನ್ನಣೆ ನೀಡಿತು.

ನಮ್ಮ ನಾಡಿಗೆ ಇದರ ಪರಿಚಯವಾದದ್ದು 2008ರ ಏಪ್ರಿಲ್ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಆರಂಭವಾದಾಗ. ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡದ ಚಿಯರ್‌ಲೀಡರುಗಳು ಬೆಂಗಳೂರು ತಂಡದ ಪರವಾಗಿ ಕುಣಿದರು. ತಂಡವು 140 ಓಟಗಳಿಂದ ಸೋತಿತು. ಮುಂದೆ ಅವರ ಉಡುಪಿನ ವಿಚಾರವಾಗಿ ನಡೆದಷ್ಟು ಚರ್ಚೆ ಅವರ ವಿದ್ಯೆಯ ವಿಚಾರವಾಗಿ ನಡೆಯಲಿಲ್ಲ.

ಈ ವಿದ್ಯೆಗೆ ನಾಲ್ಕು ಅಂಗಗಳು. ಮೊದಲನೆಯದು ಘೋಷ: ಎರಡು ಮೂರು ಪದಗಳು, ಬಳಿಕ ಪ್ರೇಕ್ಷಕರ ಉತ್ತರಕ್ಕೆ ಬಿಡುವು. ಎರಡನೆಯದು ಕೈವರಸೆ: ಮುಷ್ಟಿ ಬಿಗಿದು, ಹೆಬ್ಬೆರಳನ್ನು ಹೊರಗಿಟ್ಟು, ತೋಳುಗಳನ್ನು ಸೆಟೆಸಿ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಚಾಚುವುದು. ದೂರದವರಿಗೂ ಕಾಣಲೆಂದೇ ಈ ಬಿಗಿ. ಮೂರನೆಯದು ನೆಗೆತ: ಇಳಿಯುವಾಗ ಪಾದಗಳು ಕೂಡಿರಬೇಕು, ಮಂಡಿ ಬಾಗಿರಬೇಕು. ನಾಲ್ಕನೆಯದು ಎತ್ತುಗೆ: ಕೆಳಗೆ ನಿಂತು ಹೊರುವವರು, ಮೇಲೇರುವವರು, ಹಿಂದೆ ನಿಂತು ಮೇಲಿನವರ ತಲೆ ಕತ್ತುಗಳನ್ನು ಕಾಯುವವರು. ಎಲ್ಲವೂ ಎಂಟರ ಎಣಿಕೆಗೆ ನಡೆಯುತ್ತವೆ. ಕುಣಿತಕ್ಕೇ ಪ್ರಾಧಾನ್ಯ ಬಂದಾಗ ಅದು ‘ಚಿಯರ್‌ಡ್ಯಾನ್ಸ್’. ಫಿಲಿಪ್ಪೀನ್ಸಿನ ವಿಶ್ವವಿದ್ಯಾನಿಲಯಗಳು 1994ರಿಂದ ಇದರ ಸ್ಪರ್ಧೆಯನ್ನು ನಡೆಸುತ್ತಿವೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯ ನಮಗೆ ಇದು ತೀರ ಹೊಸದೇನೂ ಅಲ್ಲ. ವೀರಗಾಸೆಯಲ್ಲಿ ಒಡಪಿನ ಸೊಲ್ಲು ಮುಗಿದೊಡನೆ ವಾದ್ಯ ಮೊಳಗಿ, ನೋಡುವವರ ಮೈಯೂ ಜುಮ್ಮೆನ್ನುತ್ತದೆ. ಕೋಲಾಟದಲ್ಲಿ ಎಣಿಕೆ ತಪ್ಪಿದವನ ಬೆರಳಿಗೆ ಕೋಲೇ ಪಾಠ ಹೇಳುತ್ತದೆ. ಪೂಜಾ ಕುಣಿತದವರು ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ತೋರುವ ಸಮತೋಲ ಅಸಾಮಾನ್ಯವಾದುದು. ದನಿ, ಎಣಿಕೆ, ಸಮತೋಲ ಮೂರೂ ಮನೆಯಲ್ಲಿಯೇ ಇರುವಾಗ ಉಡುಪನ್ನು ಮಾತ್ರ ಎರವಲು ತರುವುದೇಕೆ? ಘೋಷ ಕನ್ನಡದ್ದಾಗಲಿ, ತಾಳ ತಮಟೆಯದಾಗಲಿ, ಉಡುಪು ಕ್ರೀಡೆಗೆ ಒಪ್ಪುವಂತಿರಲಿ.

ಎರಡು ಎಚ್ಚರಿಕೆಗಳು ಅಗತ್ಯ. ತರಬೇತುದಾರರೂ ದಪ್ಪ ಹಾಸುಗೆಯೂ ಇಲ್ಲದ ಕಡೆ ಯಾರನ್ನೂ ಹೆಗಲ ಮೇಲೆ ಏರಿಸಬಾರದು. ಬಿದ್ದ ಕತ್ತಿಗೆ ಚಪ್ಪಾಳೆ ಮದ್ದಲ್ಲ. ಎರಡನೆಯದಾಗಿ, ಎದುರು ತಂಡವನ್ನು ಹೀಯಾಳಿಸುವುದು ಈ ವಿದ್ಯೆಗೆ ಸಲ್ಲದು. ನಮ್ಮ ಕಬಡ್ಡಿ ಖೊಖೊ ಅಂಕಣಗಳ ಸುತ್ತ ಕೇಳಿಬರುವ ಕೂಗಿನಲ್ಲಿ ಪ್ರೋತ್ಸಾಹವೆಷ್ಟು, ಮೂದಲಿಕೆಯೆಷ್ಟು ಎಂಬುದನ್ನು ನಾವೇ ಯೋಚಿಸಬೇಕು.

ಗೆದ್ದವರಿಗೆ ಜೈಕಾರ ಹಾಕುವುದು ಸುಲಭ. ನಮ್ಮ ತಂಡ ಹತ್ತು ಅಂಕ ಹಿಂದಿರುವಾಗ ಬಿಸಿಲಿನಲ್ಲಿ ನಿಂತು, ನೂರು ಕೊರಳುಗಳನ್ನು ಒಂದುಗೂಡಿಸಬಲ್ಲವರೇ ಈ ವಿದ್ಯೆಯನ್ನು ಬಲ್ಲವರು.