ಟ್ಯಾಂಕ್ ತುಂಬಿಸಿದರೆ ಲಾಭವೇ?

ವಾಳೂಜಿನಿಂದ ಚಿಕಲ್‌ಠಾಣಾ ವಿಮಾನ ನಿಲ್ದಾಣ ದೂರವೇನಲ್ಲ. ಪೈಲಟ್ ಆಗುವ ಕನಸು ನಿಮ್ಮಲ್ಲೂ ಕೆಲವರಿಗೆ ಇರಬಹುದು. ಹಾಗಿದ್ದರೆ ಈ ಲೆಕ್ಕ ತಿಳಿದಿರಲಿ.

ಅಮೆರಿಕ, ಬ್ರಿಟನ್‌ಗಳ ಹಲವು ಸಣ್ಣ ನಿಲ್ದಾಣಗಳಲ್ಲಿ ಇಂತಿಷ್ಟು ಇಂಧನ ಕೊಂಡರೆ ಲ್ಯಾಂಡಿಂಗ್ ಶುಲ್ಕ ಮಾಫಿ. ಶುಲ್ಕ ಉಳಿಸಲು ಟ್ಯಾಂಕ್ ತುಂಬಿಸುವ ಆಸೆ ಸಹಜ. ಆದರೆ ಸಣ್ಣ ವಿಮಾನಗಳ ಪೆಟ್ರೋಲಾದ ಏವ್‌ಗ್ಯಾಸ್ ಲೀಟರಿಗೆ ಸುಮಾರು 0.72 ಕಿಲೋ ತೂಗುತ್ತದೆ. ತರಬೇತಿಯ ಸೆಸ್ನಾ 152 ವಿಮಾನದ ಟ್ಯಾಂಕ್ ತುಂಬಿದರೆ ಸುಮಾರು 70 ಕಿಲೋ, ಅಂದರೆ ಒಬ್ಬ ಆಳಿನ ತೂಕ! ಇಬ್ಬರು ಗಟ್ಟಿಮುಟ್ಟಾದವರು ಕುಳಿತರೆ 757 ಕಿಲೋ ಮಿತಿ ದಾಟೀತು. ಬೇಸಿಗೆಯ ಬಿಸಿಗಾಳಿಯಲ್ಲಂತೂ ಮೇಲೇರುವುದು ಇನ್ನೂ ಕಷ್ಟ.

ಮೊದಲು ದಾರಿಗೆ ಬೇಕಾದ ಇಂಧನ, ಮೀಸಲು, ಒಟ್ಟು ತೂಕ ಲೆಕ್ಕಹಾಕಿ. ಹೊಂದದಿದ್ದರೆ ಶುಲ್ಕ ಕೊಟ್ಟುಬಿಡಿ. ಹಾಸಿಗೆಯಿದ್ದಷ್ಟು ಕಾಲು ಚಾಚುವ ಮಾತು ಆಕಾಶಕ್ಕೂ ಸಲ್ಲುತ್ತದೆ.